ನಮ್ಮೂರ ಹೆಸರಿನ ದೀರ್ಘ

ಕಾಲೇಜಿಗೆ ಸೇರಿದ ಮೊದಲನೆಯ ವಾರ ಹಾಜರಿ ಕರೆಯುತ್ತಿದ್ದ ಅಧ್ಯಾಪಕರು ನನ್ನ ಹೆಸರಿನ ಬಳಿ ನಿಂತು, "ಯಾವ ಊರಪ್ಪಾ ನಿನ್ನದು?" ಎಂದು ಕೇಳಿದರು. ನಾನು ಎದ್ದು ನಿಂತು "ಬಸರೀಕಟ್ಟೆ ಸಾರ್" ಎಂದೆ. ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ "ಬಸುರಿಕಟ್ಟೆ" ಎಂದರು. ತರಗತಿಯೆಲ್ಲ ನಕ್ಕಿತು. ಅಧ್ಯಾಪಕರೂ ಕೊಂಚ ನಕ್ಕು ಮುಂದಿನ ಹೆಸರಿಗೆ ಹೋದರು. ಆ ದಿನದಿಂದ ವಿದ್ಯಾರ್ಥಿನಿಲಯದಲ್ಲಿ ನನಗೆ ತಂದೆತಾಯಿ ಇಟ್ಟ ಹೆಸರು ಹೋಗಿ ಊರಿನ ಹೆಸರೇ ಉಳಿಯಿತು, ಅದೂ ಅಪಭ್ರಂಶವಾಗಿ. ಒಬ್ಬ ಮಿತ್ರನಂತೂ, ಯಾವ ಕಾಲದಲ್ಲೋ ಒಬ್ಬ ತುಂಬು ಬಸುರಿ ಹೊರೆ ಇಳಿಸಿ ಕುಳಿತ ಕಟ್ಟೆಯೇ ನಮ್ಮೂರೆಂದು ಒಂದು ಸ್ಥಳಪುರಾಣವನ್ನೇ ಕಟ್ಟಿದ. ನನಗೆ ಉತ್ತರ ತಿಳಿಯದೆ ನಾನೂ ನಗುತ್ತಿದ್ದೆ.

ಈ ಪ್ರಬಂಧ ಆ ನಗೆಗೆ ಮೂರು ವರ್ಷ ತಡವಾಗಿ ಬರೆದ ಉತ್ತರ. ನಗೆಗೆ ಮಾತ್ರವಾಗಿದ್ದರೆ ಬರೆಯುತ್ತಿರಲಿಲ್ಲ. ಊರಿನ ಹೆಸರಿನ ಒಂದು ದೀರ್ಘಾಕ್ಷರ ನಮ್ಮ ಮನೆಗೆ ಎಷ್ಟು ದಿನದ ಕೂಲಿಯ ನಷ್ಟ ತಂದಿತೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಅಪ್ಪಯ್ಯ ಕೊನೆಗಾರ. ಅಡಿಕೆ ಮರ ಹತ್ತಿ ಕೊನೆ ಇಳಿಸುವುದು ಅವರ ಕಸುಬು. ತೋಟ ಅನ್ಯರದು, ಮರ ಅನ್ಯರದು. ಹತ್ತುವ ಕಾಲು ಮಾತ್ರ ಅವರದು. ಶಾಲೆಯ ಮೆಟ್ಟಿಲನ್ನು ಅವರು ಹತ್ತಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜನ್ನು ಕಂಡವನು ನಾನೇ ಮೊದಲಿಗ. ಮೊದಲನೆಯ ವರ್ಷ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದೆ. ಅರ್ಜಿ ಹಿಂದಕ್ಕೆ ಬಂತು. ಕಾರಣವೇನೆಂದರೆ, ಶಾಲೆಯ ವರ್ಗಾವಣೆ ಪತ್ರದಲ್ಲಿ 'ಬಸರಿಕಟ್ಟೆ' ಎಂದಿತ್ತು. ಪಡಿತರ ಚೀಟಿಯಲ್ಲಿ 'ಬಸ್ರಿಕಟ್ಟೆ' ಎಂದಿತ್ತು. ಆದಾಯದ ಪ್ರಮಾಣಪತ್ರದಲ್ಲಿ 'ಬಸರೀಕಟ್ಟೆ' ಎಂದಿತ್ತು. ಮನುಷ್ಯರಿಗೆ ಈ ಮೂರೂ ಒಂದೇ ಊರು. ಕಂಪ್ಯೂಟರಿಗೆ ಮೂರು ಊರು. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡುವಾಗ ನಮ್ಮ ದೀರ್ಘಕ್ಕೆ ಅಲ್ಲಿ ಜಾಗವಿಲ್ಲ. ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ತರುವಾಗ ಬಿಟ್ಟುಹೋದ ದೀರ್ಘ ತಾನಾಗಿ ಮರಳಿ ಬರುವುದಿಲ್ಲ.

ಕೊಯ್ಲಿನ ಕಾಲ. ಒಂದು ದಿನ ಹೋದರೆ ಆ ದಿನದ ಸಂಬಳ ಹೋಯಿತೆಂದೇ ಲೆಕ್ಕ. ಅಪ್ಪಯ್ಯ ಮೂರು ಸಲ ಬಸ್ಸು ಹತ್ತಿ ಕಚೇರಿಗೆ ಅಲೆದರು. ಮೂರನೆಯ ಸಲ ನಾನೂ ಜೊತೆಗಿದ್ದೆ. ಅಲ್ಲಿದ್ದ ಗುಮಾಸ್ತರು ಕೆಟ್ಟವರಲ್ಲ. ಮೂರು ಕಾಗದಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, "ನೀನೇ ಹೇಳಪ್ಪಾ, ಇದರಲ್ಲಿ ಸರಿಯಾದದ್ದು ಯಾವುದು?" ಎಂದು ಅಪ್ಪಯ್ಯನನ್ನೇ ಕೇಳಿದರು. ಅಪ್ಪಯ್ಯ ಆ ಕಾಗದಗಳನ್ನು ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಮೂರೂ ಒಂದೇ ಬಗೆಯ ಕರಿಯ ಗೆರೆಗಳು. ಆಮೇಲೆ ಹೇಳಿದರು: "ನಾವು ಕರೆಯೂದು ಬಸ್ರೀಕಟ್ಟೆ ಸ್ವಾಮಿ. ಬರೆಯೂದು ಹೆಂಗೆ ಅಂತ ಬರೆಯೋರಿಗೆ ಗೊತ್ತು."

ಗುಮಾಸ್ತರು ನನ್ನ ಮುಖ ನೋಡಿದರು. ಬರೆಯುವವನು ನಾನು. ನನಗೂ ಗೊತ್ತಿರಲಿಲ್ಲ. ಕೊನೆಗೆ ಛಾಪಾ ಕಾಗದದ ಮೇಲೆ 'ಈ ಮೂರೂ ಒಂದೇ ಊರು' ಎಂದು ಬರೆಯಿಸಿ, ಅಡಿಕೆಯ ಚೊಗರಿನಿಂದ ಕಪ್ಪಾದ ಹೆಬ್ಬೆಟ್ಟನ್ನು ಅಪ್ಪಯ್ಯ ಅದರ ಕೆಳಗೆ ಒತ್ತಿದರು. ವಿದ್ಯಾರ್ಥಿವೇತನ ಬಂತು. ಆದರೆ ಆ ಪ್ರಶ್ನೆ ನನ್ನಲ್ಲೇ ಉಳಿಯಿತು.

ಎರಡನೆಯ ವರ್ಷ ವ್ಯಾಕರಣದ ಪಾಠದಲ್ಲಿ ಕೇಶಿರಾಜನ ಶಬ್ದಮಣಿದರ್ಪಣ ಬಂತು. ಹದಿಮೂರನೆಯ ಶತಮಾನದ ಆ ಸೂತ್ರಗಳನ್ನು ನಾವೆಲ್ಲ ಪರೀಕ್ಷೆಯ ಭಯದಿಂದಲೇ ಓದಿದವರು. ಸಮಾಸದ ಪ್ರಕರಣ ನಡೆಯುತ್ತಿದ್ದಾಗ ನಮ್ಮ ಕನ್ನಡ ಅಧ್ಯಾಪಕರು, "ಊರಿನ ಹೆಸರೆಂದರೆ ಸಾಮಾನ್ಯವಾಗಿ ಒಂದು ಸಮಾಸ; ಬಿಡಿಸಿ ನೋಡಿ" ಎಂದರು. ಹೆಸರಿನ ಎರಡನೆಯ ಪದ ಊರಿನ ಜಾತಿಯನ್ನು ಹೇಳುತ್ತದೆ: ಊರು, ಹಳ್ಳಿ, ಪುರ, ಕೆರೆ, ಕಟ್ಟೆ, ಗುಂಡಿ, ಮಕ್ಕಿ. ಇದನ್ನು ವಾರ್ಗಿಕವೆನ್ನುತ್ತಾರೆ. ಮೊದಲನೆಯ ಪದ ಯಾವ ಊರು, ಯಾವ ಕೆರೆ ಎಂಬುದನ್ನು ಹೇಳುತ್ತದೆ. ಅದು ನಿರ್ದಿಷ್ಟ. ಒಂದು ಕುಲದ ಹೆಸರು, ಇನ್ನೊಂದು ಗುರುತಿನ ಹೆಸರು.

ಆ ದಿನದಿಂದ ಬಸ್ಸಿನ ಫಲಕಗಳನ್ನು ಓದುವ ಹುಚ್ಚು ಹಿಡಿಯಿತು. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಎಷ್ಟು ಬಗೆಯ ಹೆಸರುಗಳು! ಕೊಪ್ಪವೆಂದರೇ ಚಿಕ್ಕ ಹಳ್ಳಿ. ತಾಲ್ಲೂಕಿನ ಮುಖ್ಯ ಪಟ್ಟಣವಾದರೂ ಅದು ತನ್ನ ಹಳೆಯ ಬಡ ಹೆಸರನ್ನು ಬಿಟ್ಟಿಲ್ಲ. ಕುದುರೆಗುಂಡಿ, ಗಡಿಕಲ್ಲು, ಕೆರೆಕಟ್ಟೆ ಇವು ಕೇಳಿದೊಡನೆ ಕಣ್ಣಿಗೆ ಕಾಣುವ ಹೆಸರುಗಳು. ಹಿರೇಕೊಡಿಗೆಯೆಂಬುದು ಕುವೆಂಪು ಅವರು 1904ರಲ್ಲಿ ಹುಟ್ಟಿದ ಊರು. ಅದರಲ್ಲಿನ ಕೊಡಿಗೆಯನ್ನು ಶಾಸನಗಳ ಕೊಡಗೆಯೊಡನೆ ಇಟ್ಟು ನೋಡಬೇಕು. ಕೊಡಗೆಯೆಂದರೆ ಕೊಟ್ಟದ್ದು, ದತ್ತಿಯಾಗಿ ಬಿಟ್ಟ ಭೂಮಿ. ಕೆರೆ ಕಟ್ಟಿಸಿದವನಿಗೆ, ಕಾಳಗದಲ್ಲಿ ಮಡಿದವನ ಮನೆಯವರಿಗೆ ಹಿಂದೆ ಹೀಗೆ ಭೂಮಿ ಬಿಡುತ್ತಿದ್ದರು.

ಇನ್ನು ಕೆಲವು ಊರುಗಳಿಗೆ ಎರಡೆರಡು ಹೆಸರು. ಭದ್ರೆಯ ದಡದ ಬಾಳೆಹೊನ್ನೂರನ್ನು ತೆಗೆದುಕೊಳ್ಳಿ. ಅಲ್ಲಿಯ ಪೀಠಕ್ಕೆ ರಂಭಾಪುರಿಯೆಂದು ಹೆಸರು. ರಂಭೆಯೆಂದರೆ ಅಪ್ಸರೆಯೆಂದೇ ನಾನು ಬಹುಕಾಲ ತಿಳಿದಿದ್ದೆ. ಸಂಸ್ಕೃತದಲ್ಲಿ ರಂಭಾ ಎಂದರೆ ಬಾಳೆ ಎಂಬ ಅರ್ಥವೂ ಉಂಟು! ಕನ್ನಡದ ಬಾಳೆ ಮಡಿಯುಟ್ಟು ರಂಭೆಯಾಗಿ ಕುಳಿತಿದೆ. ನರಸಿಂಹರಾಜಪುರದ ಹಳೆಯ ಹೆಸರು ಯಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥವಾಗಿ ಹೊಸ ಹೆಸರು ಬಂತು. ಜನ ಅಷ್ಟುದ್ದದ ಹೆಸರನ್ನು ಹೊತ್ತು ತಿರುಗಲಾರದೆ 'ಎನ್. ಆರ್. ಪುರ' ಎಂದು ಮೊಟಕು ಮಾಡಿದರು. ನಮ್ಮ ಅಜ್ಜಿ ಮಾತ್ರ ಕೊನೆಯವರೆಗೂ 'ಯಡೇಹಳ್ಳಿ ಸಂತೆ' ಎಂದೇ ಹೇಳುತ್ತಿದ್ದಳು. ರಾಜರು ಕೊಟ್ಟ ಹೆಸರು ಕಾಗದದಲ್ಲಿ ಗೆದ್ದರೂ ಅಜ್ಜಿಯ ನಾಲಗೆಯಲ್ಲಿ ಗೆಲ್ಲಲಿಲ್ಲ.

ಹೆಸರಿನ ಅರ್ಥ ತಿಳಿಯದೆ ಹೋದಾಗ ಜನ ಕಥೆ ಕಟ್ಟುತ್ತಾರೆ. ಇದಕ್ಕೆ ನಮ್ಮ ಜಿಲ್ಲೆಯ ಹೆಸರೇ ನಿದರ್ಶನ. ಸಖರಾಯಪಟ್ಟಣದ ರುಕ್ಮಾಂಗದನೆಂಬ ದೊರೆ ತನ್ನ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟದ್ದು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟದ್ದು ಹಿರೇಮಗಳೂರು ಎಂಬ ಕಥೆ ಎಲ್ಲರೂ ಬಲ್ಲದ್ದು. ಶಾಸನಗಳಲ್ಲಿ ಈ ಊರುಗಳ ಹೆಸರು ಕಿರಿಯ ಮುಗುಳಿ, ಪಿರಿಯ ಮುಗುಳಿ ಎಂದಿದೆ. ಅಲ್ಲಿ ಮಗಳೂ ಇಲ್ಲ, ಬಳುವಳಿಯೂ ಇಲ್ಲ. ಮುಗುಳಿಯ ನೆನಪು ಮಾಸಿದ ಮೇಲೆ ಮಗಳು ಬಂದು ಕುಳಿತಳು. ನಮ್ಮ ವಿದ್ಯಾರ್ಥಿನಿಲಯದ ಮಿತ್ರ ಕಟ್ಟಿದ ಬಸುರಿಯ ಕಥೆಯೂ ಇದೇ ಜಾತಿಯದು. ಅವನನ್ನು ಕ್ಷಮಿಸಿದ್ದೇನೆ, ಅವನ ಹಿಂದೆ ಬಹುದೊಡ್ಡ ಪರಂಪರೆಯಿದೆ.

ಈ ಪಿರಿಯ ಮುಗುಳಿಯೇ ನನ್ನ ಕಣ್ಣು ತೆರೆಸಿತು. 'ಪಿರಿಯ' ಎಂಬುದು 'ಹಿರಿಯ'ವಾಯಿತು; ಹಳಗನ್ನಡದ ಪಕಾರ ಹಕಾರವಾಗುವುದು ನಮಗೆಲ್ಲ ತಿಳಿದದ್ದೇ; ಪಳ್ಳಿ ಹಳ್ಳಿಯಾದಂತೆ, ಪೊನ್ನು ಹೊನ್ನಾದಂತೆ. ಆ 'ಹಿರಿಯ' ಮತ್ತೆ ಸವೆದು 'ಹಿರೇ' ಆಯಿತು. ಬಾಯಿ ಆತುರದಲ್ಲಿ 'ಯ'ಕಾರವನ್ನು ನುಂಗಿತು. ಆದರೆ ಪೂರ್ತಿ ನುಂಗಲಿಲ್ಲ. ನುಂಗಿದ್ದರ ಗುರುತಾಗಿ ಹಿಂದಿನ ಸ್ವರವನ್ನು ಎಳೆಯಿತು. 'ಮನೆಯ ಬಾಗಿಲು' ಎಂಬುದನ್ನು ನಾವು 'ಮನೇ ಬಾಗಿಲು' ಎನ್ನುವುದಿಲ್ಲವೆ? 'ಅರಳಿಯ ಕಟ್ಟೆ' ಎಲ್ಲ ಊರುಗಳಲ್ಲಿಯೂ 'ಅರಳೀಕಟ್ಟೆ'ಯಾಗಿಲ್ಲವೆ? ಹಾಗಾದರೆ 'ಬಸರಿಯ ಕಟ್ಟೆ' ಬಸರೀಕಟ್ಟೆಯಾಗಬೇಕಾದದ್ದೇ ನ್ಯಾಯ.

ಬಸರಿಯೆಂಬುದು ಮರ. ಆಲ, ಅರಳಿ, ಅತ್ತಿಗಳ ಬಳಗದ್ದು. ಚಿವುಟಿದರೆ ಹಾಲು ಒಸರುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಪ್ಲಕ್ಷವೆಂದು ಹೆಸರು. ನಮ್ಮೂರಿಗೆ ಯಾರೂ ಮಡಿಯುಡಿಸಲಿಲ್ಲವೆಂಬುದು ನಮ್ಮ ಪುಣ್ಯ. ಇಲ್ಲವಾದರೆ ಪ್ಲಕ್ಷಪುರಿಯ ನಿವಾಸಿಯಾಗಿ ನಾನು ಇನ್ನೂ ಹೆಚ್ಚಿನ ನಗೆಗೆ ಗುರಿಯಾಗುತ್ತಿದ್ದೆ. ಕಟ್ಟೆಯೆಂಬುದು 'ಕಟ್ಟು' ಧಾತುವಿನಿಂದ ಬಂದದ್ದು. ಮರದ ಸುತ್ತ ಕಟ್ಟಿದ ಜಗಲಿಯೂ ಕಟ್ಟೆ, ನೀರಿಗೆ ಅಡ್ಡ ಕಟ್ಟಿದ ಒಡ್ಡೂ ಕಟ್ಟೆ. ಮುಂದೆ ಬಸರಿಯಿರುವಾಗ ಜಗಲಿಯೆಂಬ ಅರ್ಥವೇ ಹೊಂದುತ್ತದೆ. ದಾರಿಹೋಕರು ಹೊರೆ ಇಳಿಸಿ ಕೂರುವುದು, ಪಂಚಾಯಿತಿ ಸೇರುವುದು, ಎಲೆಯಡಿಕೆ ಹಾಕಿಕೊಂಡು ಸುದ್ದಿ ಹೇಳುವುದು ಎಲ್ಲ ಕಟ್ಟೆಯ ಮೇಲೆಯೇ. ಊರು ಹುಟ್ಟುವುದಕ್ಕೆ ಇಷ್ಟು ಸಾಕು.

ಆದರೆ ಶಾಸ್ತ್ರದ ಕಡೆಯಿಂದ ಒಂದು ಆಕ್ಷೇಪಣೆಯಿದೆ. ಅದನ್ನು ಮುಚ್ಚಿಡುವುದು ತರವಲ್ಲ. ಷಷ್ಠೀ ತತ್ಪುರುಷದಲ್ಲಿ ವಿಭಕ್ತಿಪ್ರತ್ಯಯ ಲೋಪವಾಗುತ್ತದೆ. ಆ ಪ್ರಕಾರ 'ಬಸರಿಯ' ಎಂಬುದರ 'ಅ' ಹೋಗಿ 'ಬಸರಿಕಟ್ಟೆ' ಎಂದೇ ಆಗಬೇಕು. ವರ್ಗಾವಣೆ ಪತ್ರವೇ ಗೆಲ್ಲಬೇಕು! ನಾನು ಈ ಸಂಶಯವನ್ನು ಅಧ್ಯಾಪಕರ ಮುಂದಿಟ್ಟೆ. ಅವರು, "ಯುಧಿಷ್ಠಿರನನ್ನು ಕೇಳು" ಎಂದರು. ಯುದ್ಧದಲ್ಲಿ ಸ್ಥಿರನಾದವನು ಯುಧಿಷ್ಠಿರ. 'ಯುಧಿ' ಎಂಬುದು ಸಪ್ತಮೀ ವಿಭಕ್ತಿಯ ರೂಪ; ಸಮಾಸವಾದರೂ ಪ್ರತ್ಯಯ ಬಿದ್ದಿಲ್ಲ. ಸಂಸ್ಕೃತದವರು ಇದನ್ನು ಅಲುಕ್ ಸಮಾಸವೆಂದು ಕರೆದು ಮಾನ್ಯ ಮಾಡಿದ್ದಾರೆ. ನಮ್ಮೂರಿನ ಹೆಸರೂ ಧರ್ಮರಾಯನ ದಾರಿಯಲ್ಲೇ ಹೋಗಿದೆ. ಪ್ರತ್ಯಯವನ್ನು ಬಿಡಲೊಲ್ಲದೆ ದೀರ್ಘದೊಳಗೆ ಬಚ್ಚಿಟ್ಟುಕೊಂಡಿದೆ. ಇನ್ನೊಂದು ಸಾಕ್ಷಿಯೂ ಉಂಟು. ಎರಡು ಪದಗಳು ನೇರವಾಗಿ ಬೆಸೆದಾಗ ಕಕಾರ ಗಕಾರವಾಗುವುದು ಕನ್ನಡದ ರೂಢಿ: ಮಳೆ, ಕಾಲ ಸೇರಿ ಮಳೆಗಾಲ. 'ಮಳೆಯ ಕಾಲ' ಎಂದರೆ ಕಕಾರ ಅಲುಗುವುದಿಲ್ಲ. ನಮ್ಮೂರು ಬಸರಿಗಟ್ಟೆಯಾಗಲಿಲ್ಲ. ನಡುವೆ ಷಷ್ಠಿ ನಿಂತು ಕಾದಿದೆ. ಇದೊಂದರಿಂದಲೇ ತೀರ್ಮಾನವಾಗದು, ಆದರೆ ದೀರ್ಘದ ಜೊತೆಗೆ ಇದನ್ನೂ ಇಟ್ಟು ನೋಡಬಹುದು.

ಈ ವಿಚಾರ ತಲೆಯಲ್ಲಿ ತುಂಬಿಕೊಂಡಿದ್ದಾಗಲೇ ಪ್ರಾಚೀನ ರೋಮಿನ ಇತಿಹಾಸದ ಟಿಪ್ಪಣಿ ಮಾಡಲು ಗ್ರಂಥಾಲಯಕ್ಕೆ ಹೋದವನಿಗೆ, ಹೊದಿಕೆ ಕಳಚಿದ ಒಂದು ಲ್ಯಾಟಿನ್ ವ್ಯಾಕರಣ ಸಿಕ್ಕಿತು. ನನಗೆ ಆ ಭಾಷೆ ಬಾರದು. ಇಂಗ್ಲಿಷಿನ ವಿವರಣೆಯನ್ನು ಓದುತ್ತ ಹೋದೆ. ಊರಿನ ಹೆಸರುಗಳಿಗೆಂದೇ ಅಲ್ಲಿ ಒಂದು ಸೂತ್ರವಿತ್ತು. ಬೇರೆ ನಾಮಪದಗಳಿಗೆ 'ಅಲ್ಲಿ', 'ಇಂದ' ಎಂಬ ಅರ್ಥ ಬರಬೇಕಾದರೆ ಲ್ಯಾಟಿನ್ನಿನಲ್ಲಿ ಸಾಮಾನ್ಯವಾಗಿ ಹಿಂದೆ ಒಂದು ಅವ್ಯಯ ಬೇಕು. ಊರುಗಳ ಹೆಸರಿಗೆ ಬೇಡ, ವಿಭಕ್ತಿಯೊಂದೇ ಸಾಕು. 'ರೋಮಂ' ಎಂದರೆ ರೋಮಿಗೆ. 'ರೋಮೈ' ಎಂದರೆ ರೋಮಿನಲ್ಲಿ. 'ರೋಮ' ಎಂದು ಹ್ರಸ್ವವಾಗಿ ಅಂದರೆ ಊರಿನ ಹೆಸರು. 'ರೋಮಾ' ಎಂದು ಎಳೆದರೆ 'ರೋಮಿನಿಂದ'. ಓದುತ್ತಿದ್ದವನು ಅಲ್ಲಿಯೇ ನಿಂತೆ. ಅಲ್ಲಿಯೂ ಒಂದು ದೀರ್ಘದ ಮೇಲೆ ವಿಭಕ್ತಿಯ ಭಾರವೆಲ್ಲ ನಿಂತಿದೆ! ಇನ್ನೂ ಸ್ವಾರಸ್ಯವೆಂದರೆ, ರೋಮನರು ಸಾಮಾನ್ಯ ಬರವಣಿಗೆಯಲ್ಲಿ ಹ್ರಸ್ವದೀರ್ಘಗಳನ್ನು ಬೇರೆಮಾಡಿ ಬರೆಯುತ್ತಿರಲಿಲ್ಲ. ಎರಡಕ್ಕೂ ಒಂದೇ ಅಕ್ಷರ. ಕೇಳುವವರಿಗೆ ತಿಳಿಯುತ್ತಿತ್ತು, ಕಲ್ಲಿನ ಮೇಲೆ ಕಾಣುತ್ತಿರಲಿಲ್ಲ. ಆ ಲಿಪಿಯ ಮಕ್ಕಳೇ ಇಂಗ್ಲಿಷಿನ ಅಕ್ಷರಗಳು. ನಮ್ಮ ಅರ್ಜಿಯನ್ನು ಹಿಂದಕ್ಕೆ ಕಳುಹಿಸಿದ ದೋಷ ಎರಡು ಸಾವಿರ ವರ್ಷ ಹಳೆಯದೆಂದು ತಿಳಿದು ನನಗೆ ಒಂದು ಬಗೆಯ ಸಮಾಧಾನವೇ ಆಯಿತು.

ಅವರ ಊರುಗಳೂ ನಮ್ಮ ಊರುಗಳಂತೆಯೇ ಹುಟ್ಟಿದವು. ರೈನ್ ಮತ್ತು ಮೊಸೆಲ್ ನದಿಗಳು ಕೂಡುವಲ್ಲಿ ಅವರು 'ಕಾನ್‌ಫ್ಲುಎಂತೇಸ್' ಎಂದರು, 'ಕೂಡಿ ಹರಿಯುವವು' ಎಂದು ಅರ್ಥ. ಅದೇ ಇಂದಿನ ಜರ್ಮನಿಯ ಕೋಬ್ಲೆಂಟ್ಸ್. ನಮ್ಮ ಶೃಂಗೇರಿಯ ತುಂಗೆಯೂ ಬಾಳೆಹೊನ್ನೂರಿನ ಭದ್ರೆಯೂ ಕೂಡುವಲ್ಲಿ ನಮ್ಮವರು ಕೂಡಲಿ ಎಂದರು. ಒಬ್ಬರನ್ನೊಬ್ಬರು ಕೇಳಿ ಇಟ್ಟದ್ದಲ್ಲ, ನೀರು ಹೇಳಿಕೊಟ್ಟದ್ದು. ಸೇನೆಯ ಬೀಡಿಗೆ ಅವರು 'ಕಸ್ತ್ರ' ಎಂದರು. ಇಂಗ್ಲೆಂಡಿನ ಚೆಸ್ಟರ್, ಮ್ಯಾಂಚೆಸ್ಟರ್‌ಗಳು ಅದರಿಂದ ಬಂದವು. ನಾವು ಪಾಳೆಯವೆಂದೆವು, ಬೆಂಗಳೂರಿನ ತುಂಬ ಪಾಳ್ಯಗಳಿವೆ. ಯೂಲಿಯಸನ ಸಂತೆಯೆಂಬ ಅರ್ಥದ 'ಫೊರುಂ ಯೂಲಿಯೀ' ಎಂಬ ಹೆಸರು ಸವೆದು ಸವೆದು ಇಟಲಿಯಲ್ಲಿ ಫ್ರಿಯುಲಿಯಾಯಿತು. ಅದರ ಕೊನೆಯ 'ಇ' ಏನು? 'ಯೂಲಿಯಸನ' ಎಂಬ ಷಷ್ಠಿಯ ಪ್ರತ್ಯಯ! ಸಾಮ್ರಾಜ್ಯ ಅಳಿಯಿತು, ಭಾಷೆ ಅಳಿಯಿತು, ಷಷ್ಠಿ ಅಳಿಯಲಿಲ್ಲ. ನಮ್ಮ ಬಸರೀಕಟ್ಟೆಗೆ ದೂರದೇಶದಲ್ಲಿ ಒಬ್ಬ ನಂಟ ಸಿಕ್ಕಿದಂತಾಯಿತು.

ಆ ಪುಸ್ತಕದಲ್ಲಿ ಇನ್ನೊಂದು ಪದ ಕಂಡಿತು. ಅದನ್ನು ಬರೆಯುವುದೋ ಬಿಡುವುದೋ ಎಂದು ಬಹಳ ಯೋಚಿಸಿದೆ. 'ಕೊಲೋನಿಯ'. ಉಳು, ಬೆಳೆ ಎಂಬರ್ಥದ ಧಾತುವಿನಿಂದ 'ಕೊಲೋನುಸ್', ಎಂದರೆ ಒಕ್ಕಲಿಗ. ಅವನು ನೆಲೆಸಿದ ನೆಲ ಕೊಲೋನಿಯ. ದಂಡಿನಲ್ಲಿ ದುಡಿದು ಬಂದ ಯೋಧರಿಗೆ ರೋಮನರು ಭೂಮಿ ಕೊಟ್ಟು ನೆಲೆಗೊಳಿಸಿದ ಊರುಗಳಿಗೆ ಈ ಹೆಸರು ಸಲ್ಲುತ್ತಿತ್ತು. ಜರ್ಮನಿಯ ಕಲೋನ್ ನಗರದ ಹೆಸರು ಅದೇ. ಎಂತಹ ಗೌರವದ ಪದ! ಅದು ಇಂಗ್ಲಿಷಿನ ಮೂಲಕ ನಮ್ಮ ಹಳ್ಳಿಗೆ ಬಂದು 'ಕಾಲೊನಿ'ಯಾಯಿತು. ನಮ್ಮ ಹಳ್ಳಿಗಳಲ್ಲಿ ಕಾಲೊನಿಯೆಂದರೆ ಏನೆಂದು ವಾಚಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯಿರುವುದು ಅಲ್ಲಿ. ಮಲೆನಾಡಿನಲ್ಲಿ ಪ್ರತಿ ಮನೆಗೂ ಹೆಸರುಂಟು; ಮಕ್ಕಿಮನೆಯವರು, ಬೈಲುಮನೆಯವರು, ಮೇಲಿನಮನೆಯವರು ಎಂದು ಜನ ಮನೆಯ ಹೆಸರಿನಿಂದಲೇ ಗುರುತಿಸಿಕೊಳ್ಳುತ್ತಾರೆ. ನಮಗೆ ಅಂತಹ ಹೆಸರಿಲ್ಲ. ನಾವು 'ಕಾಲೊನಿಯವರು'. ಉಳುವವನ ನೆಲವೆಂಬ ಅರ್ಥದ ಪದ, ಉಳುವ ನೆಲವಿಲ್ಲದವರ ವಿಳಾಸವಾದದ್ದು ಹೇಗೆಂದು ಯಾವ ವ್ಯಾಕರಣವೂ ಹೇಳುವುದಿಲ್ಲ. ಹೆಸರುಗಳು ದೇಶ ದಾಟುವಾಗ ತಮ್ಮ ಹೊಲವನ್ನು ಹಿಂದೆ ಬಿಟ್ಟು ಬರುತ್ತವೆಯೆಂದು ಮಾತ್ರ ತೋರುತ್ತದೆ.

ಕಳೆದ ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದೆ. ರಾತ್ರಿ ಅಡಿಕೆ ಸುಲಿಯುತ್ತಿದ್ದರು. ಪಿರಿಯ ಮುಗುಳಿಯಿಂದ ಹಿಡಿದು ಯೂಲಿಯಸನ ಸಂತೆಯವರೆಗೆ ಹೇಳಿ, "ಅಪ್ಪಯ್ಯ, ನೀವು ಕರೆಯುವುದೇ ಸರಿ. ನೀವು 'ರೀ' ಎಂದು ಎಳೆಯುತ್ತೀರಲ್ಲ, ಅದರೊಳಗೆ 'ಬಸರಿ ಮರದ' ಎಂಬ ಅರ್ಥ ಇನ್ನೂ ಇದೆ. ಕಾಗದದವರು ಅದನ್ನು ಬಿಟ್ಟಿದ್ದಾರೆ" ಎಂದೆ. ಅವರು ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿ, "ಹಂಗಾದ್ರೆ ಅವತ್ತು ಆಫೀಸಲ್ಲಿ ನಾನು ಹೇಳಿದ್ದು ಸರಿಯನಾ?" ಎಂದರು. "ಸರಿ" ಎಂದೆ. "ಮತ್ತೆ ಮೂರು ದಿನ ಓಡಾಡ್ಸಿದ್ರಲ್ಲ ಮಾರಾಯ" ಎಂದರು. ಸಿಟ್ಟಿರಲಿಲ್ಲ. ಇನ್ನೊಂದು ಅಡಿಕೆ ತೆಗೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ತಮ್ಮಷ್ಟಕ್ಕೆ ತಾವೇ "ಬಸ್ರೀಕಟ್ಟೆ" ಎಂದು ಒಂದು ಸಲ ಹೇಳಿಕೊಂಡರು. ನಡುವಿನ ಅಕಾರ ಬಿದ್ದುಹೋಗಿತ್ತು. ದೀರ್ಘ ಹಾಗೆಯೇ ಇತ್ತು.

ಓದಿದವರು ಭಾಷೆಯನ್ನು ಕಾಪಾಡುತ್ತಾರೆ, ಓದದವರು ಕೆಡಿಸುತ್ತಾರೆ ಎಂಬ ನಂಬಿಕೆಯಿಂದಲೇ ನಾನು ಈ ಕಾಲೇಜಿಗೆ ಬಂದವನು. ಅಪ್ಪಯ್ಯನ ಮಾತನ್ನು ನಾಲ್ಕು ಜನರೆದುರು ತಿದ್ದಿದ್ದೂ ಉಂಟು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. 1901ರಲ್ಲಿ ಬಿ. ಎಲ್. ರೈಸ್ ಅವರು ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಶಂ. ಬಾ. ಜೋಶಿಯವರು ಮಹಾರಾಷ್ಟ್ರದ ಊರುಗಳ ಹೆಸರಿನಲ್ಲಿ ಮರೆಯಾದ ಕನ್ನಡವನ್ನು ಹುಡುಕಿದರು. ಕಲ್ಲಿನ ಮೇಲೆ ಬರೆಯಿಸದವರ ಊರುಗಳಿಗೆ ಅವರ ನಾಲಗೆಯೇ ಶಾಸನ. ಆ ಶಾಸನಗಳು ಅಡಿಕೆ ಸುಲಿಯುತ್ತ ಕುಳಿತಿವೆ. ಕಲ್ಲಿನಷ್ಟು ಕಾಲ ಉಳಿಯುವುದಿಲ್ಲ. ಸಹಪಾಠಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ರಜೆಯಲ್ಲಿ ಮನೆಯ ಹಿರಿಯರಿಂದ ನಿಮ್ಮೂರಿನ, ನಿಮ್ಮ ಗದ್ದೆಯ, ಹಳ್ಳದ, ಹಡ್ಲಿನ ಹೆಸರನ್ನು ಒಮ್ಮೆ ಹೇಳಿಸಿರಿ. ತಿದ್ದಬೇಡಿ. ಕೇಳಿದಂತೆಯೇ ಬರೆದಿಡಿ.

ಕಳೆದ ತಿಂಗಳು ಅಂತಿಮ ಪರೀಕ್ಷೆಯ ಅರ್ಜಿ ತುಂಬಿದೆವು. ಊರಿನ ಹೆಸರಿನ ಅಂಕಣದಲ್ಲಿ ನಾನು ದೃಢವಾಗಿ ದೀರ್ಘವಿಟ್ಟು ಬರೆದೆ. ಅರ್ಜಿ ತೆಗೆದುಕೊಳ್ಳುವವರು ಹಳೆಯ ದಾಖಲೆಗಳನ್ನು ನೋಡಿ, "ಮೊದಲಿನ ಹಾಗೆಯೇ ಇರಲಿ, ಇಲ್ಲವಾದರೆ ಮತ್ತೆ ತೊಂದರೆ" ಎಂದರು. ಅವರು ಹೇಳಿದ್ದು ನನ್ನ ಒಳಿತಿಗೇ. ಅಪ್ಪಯ್ಯನ ಇನ್ನು ಮೂರು ದಿನದ ಕೂಲಿಯನ್ನು ನೆನೆದು ನಾನೇ ದೀರ್ಘವನ್ನು ಹೊಡೆದುಹಾಕಿದೆ. ದಾಖಲೆಗಳಲ್ಲಿ ನನ್ನ ಊರು ಇನ್ನು ಹ್ರಸ್ವವೇ.

ಆದುದರಿಂದ ಈ ಸಂಚಿಕೆಯ ಸಂಪಾದಕರಲ್ಲಿಯೂ ಅಚ್ಚುಕೂಟದವರಲ್ಲಿಯೂ ಒಂದು ಪ್ರಾರ್ಥನೆ. ಈ ಪ್ರಬಂಧದಲ್ಲಿ ಬೇರೆ ಯಾವ ತಪ್ಪನ್ನಾದರೂ ತಿದ್ದಿರಿ. ನಮ್ಮೂರಿನ ಹೆಸರಿನ ದೀರ್ಘವನ್ನು ಮಾತ್ರ ಮುಟ್ಟಬೇಡಿ. ಅದು ನನ್ನದಲ್ಲ; ನಮ್ಮ ಅಪ್ಪಯ್ಯನದು.

ಅಂತಿಮ ಬಿ. ಎ.